ಕಿಟಕಿ ಪಕ್ಕದ ಸೀಟು

ಪೆಟ್ರೋಲ್ ಬೆಲೆ ಮತ್ತೆ ಏರಿದ್ದೇ ತಡ, ನನ್ನ ಬೈಕು ಮೂಲೆ ಸೇರಿತು. ನಾನು ಆಫೀಸಿಗೆ ನಡೆದು ಹೋಗತೊಡಗಿದೆ. ಹೆಂಗಸರಿಗೆ ಬಸ್ಸು ಫ್ರೀ ಇದ್ದದ್ದರಿಂದ ಹೆಂಡತಿ ಬಸ್ಸು ಹಿಡಿದಳು.

ಅದಕ್ಕೂ ಮುಂಚೆ ಅವಳು ಕೆಲಸ ಮಾಡುವ ಸೀರೆ ಅಂಗಡಿಯಿಂದ ದಿನಾ ಸಂಜೆ ನಾನೇ ಬೈಕಿನಲ್ಲಿ ಕರೆತರುತ್ತಿದ್ದೆ. ಎರಡೂ ಕೈಯಿಂದ ನನ್ನ ಸೊಂಟ ತಬ್ಬಿ, ಬೆನ್ನಿಗೆ ಮುಖ ಒತ್ತಿ ಕೂರುತ್ತಿದ್ದಳು. ಸಿಗ್ನಲ್‌ನಲ್ಲಿ ಜನ ನೋಡಿದರೂ ಬಿಡುತ್ತಿರಲಿಲ್ಲ. ಅಂಥವಳು ಈಗ ಕತ್ತಲಾದ ಮೇಲೆ ಮನೆಗೆ ಬರುತ್ತಾಳೆ. ಮುಖದಲ್ಲಿ ಎಂಥದ್ದೋ ಕಳೆ. ಬಾಯಲ್ಲಿ ಹಾಡು ಬೇರೆ!

"ಯಾಕೆ ಇಷ್ಟು ತಡ?"

"ಬಸ್ಸು ಅಂದ್ಮೇಲೆ ತಡ ಆಗಲ್ವಾ?"

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಒಂದು ಸಂಜೆ ಅವಳಿಗೆ ಕಾಣದಂತೆ ಅದೇ ಬಸ್ಸು ಹತ್ತಿ ಹಿಂದೆ ನಿಂತೆ. ನಮ್ಮ ಸ್ಟಾಪ್ ಬಂತು. ಅವಳು ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಕಿಟಕಿ ಪಕ್ಕ ಕೂತೇ ಇದ್ದಳು. ಯಾವನೂ ಬರುವುದು ಕಾಣಲಿಲ್ಲ. ತಡೆಯಲಾಗದೆ ಎದುರಿಗೆ ಹೋಗಿ ನಿಂತೆ.

"ಯಾರಿಗೆ ಕಾಯ್ತಿದೀಯ?"

ಬೆಚ್ಚಿಬಿದ್ದಳು. "ಅಯ್ಯೋ, ನೀವಾ! ಯಾರಿಗೂ ಇಲ್ಲ. ಇದೇ ಬಸ್ಸಲ್ಲಿ ವಾಪಸ್ ಬರ್ತೀನಿ. ಹೀಗೇ, ಊರು ನೋಡ್ಕೊಂಡು."

"ಇಷ್ಟು ವರ್ಷ ನನ್ನ ಬೈಕಲ್ಲಿ ಊರೆಲ್ಲಾ ಸುತ್ತಿದೀಯಲ್ಲ, ನೋಡಿಲ್ವಾ?"

"ಎಲ್ಲಿ ನೋಡೋದು? ನೀವು ಓಡಿಸೋ ಸ್ಪೀಡಿಗೆ ಜೀವ ಕೈಲಿ ಹಿಡ್ಕೊಂಡು, ಕಣ್ಣು ಮುಚ್ಕೊಂಡು ಕೂರ್ತಿದ್ನಲ್ಲ!"