ನಾಲ್ಕು ಮೂಲೆಯ ತುಳಿತ

ಬೆಟಗೇರಿಯ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಅರಳೆ ಒತ್ತುವ ಪೆಟ್ಟಿಗೆಯೊಳಕ್ಕೆ ಮುದಕಪ್ಪ ಏಣಿ ಹಿಡಿದು ಇಳಿದದ್ದು ನೋಡಿದ್ದರೆ ಅವನಿಗೆ ಅರವತ್ತೆಂಟು ವರ್ಷವೆಂದು ಯಾರೂ ಹೇಳುತ್ತಿರಲಿಲ್ಲ. ಧೋತರ ಮೇಲಕ್ಕೆ ಕಟ್ಟಿ, ಮೊಣಕಾಲುದ್ದ ಅರಳೆಯಲ್ಲಿ ನಿಂತು ಒಮ್ಮೆ ಸುತ್ತ ನೋಡಿದ. ಆಳೆತ್ತರದ ಕಬ್ಬಿಣದ ಗೋಡೆ, ಮೇಲೆ ಒಂದು ಚೌಕ ಬೆಳಕು. ಹನ್ನೆರಡು ವರ್ಷದ ಮೇಲೆ ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮುದುಕನ ಎದೆ ತುಂಬಿ ಬಂತು.

"ಕಾಕಾ, ಕರೆಂಟ ತಗದೇನಿ. ಫ್ಯೂಜ್ ನನ್ನ ಕಿಸೇದಾಗ ಐತಿ, ಅಂಜಬ್ಯಾಡ್ರಿ," ಎಂದ ಮೇಲಿನಿಂದ ಮೆಕ್ಯಾನಿಕ್ ಮೊಹಸಿನ.

"ಅಂಜೂದು ನಾನಲ್ಲೋ ತಮ್ಮಾ, ನಿನ್ನ ಮಷೀನು."

ಮಾತು ಸುಳ್ಳೂ ಅಲ್ಲ. ಹಿಂದೆ ಈ ಪೆಟ್ಟಿಗೆಯಲ್ಲಿ ಇಬ್ಬರು ಆಳು ನಿಂತು ಅರಳೆಯನ್ನು ತುಳಿದು ತುಳಿದು ಗಟ್ಟಿ ಮಾಡಿದ ಮೇಲೆಯೇ ಪ್ರೆಸ್ಸು ಒತ್ತಿ ಬೇಲು, ಅಂದರೆ ಹತ್ತಿಯ ಗಟ್ಟಿ ಮೂಟೆ, ಕಟ್ಟುತ್ತಿತ್ತು. ತುಳಿಯುವುದಕ್ಕೂ ಮಷೀನು ಬಂತು, ಆಳು ಮನೆಗೆ ಹೋದರು. ಆದರೆ ಮಷೀನಿನ ಹಲಗೆ ನಡುವೆ ಮಾತ್ರ ಕುಟ್ಟುತ್ತದೆ. ಮೂಲೆ ಪೊಳ್ಳು ಉಳಿದು ಬೇಲು ಬಸುರಿಯ ಹೊಟ್ಟೆಯ ಹಾಗೆ ಉಬ್ಬುತ್ತದೆ, ಬಿಗಿದ ಪಟ್ಟಿ ಫಟ್ಟನೆ ಹರಿಯುತ್ತದೆ. ಈಗ ಮೊಹಸಿನ ಆ ಹಲಗೆ ಕಿತ್ತು, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಪಾದ ಕೂಡಿಸಿದ್ದ. ಯಾವ ಪಾದ ಮೊದಲು, ಯಾವುದು ಆಮೇಲೆ, ಎಷ್ಟು ಪೆಟ್ಟು ಎಂಬುದೇ ತಿಳಿಯದೆ, ಕಳಸಾಪುರಕ್ಕೆ ಹೋಗಿ ಮುದಕಪ್ಪನನ್ನು ಬೈಕಿನ ಮೇಲೆ ಕರೆತಂದಿದ್ದ. "ನಿದ್ದ್ಯಾಗ ಎಬ್ಬಿಸಿ ಕೇಳು, ಹೇಳತೇನಿ," ಎಂದು ಮುದಕಪ್ಪ ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದ. ಬೇಡವಾದ ಮನುಷ್ಯ ಮತ್ತೆ ಬೇಕಾದರೆ ಅಷ್ಟು ಜಂಬ ಇರಲಿ ಬಿಡಿ.

ಜಿನ್ನಿನ ಬಾಗಿಲಲ್ಲಿ ಮಾತ್ರ ಮುಖ ಆ ಕಡೆ ತಿರುಗಿಸಿದ್ದ. ಅಲ್ಲಿ ಕಾವಲು ಕೂತವನು ಮರ್ದಾನಸಾಬ, ಮೂವತ್ತಾರು ವರ್ಷ ಮುದಕಪ್ಪನ ಜೊತೆ ಇದೇ ಪೆಟ್ಟಿಗೆಯಲ್ಲಿ ತುಳಿದವನು. ಈಗ ಅವನ ಮೊಣಕಾಲು ಹಾಳಾಗಿದ್ದರಿಂದ ಮೊಹಸಿನ ಅವನನ್ನು ಕೇಳಿರಲಿಲ್ಲ. ಲಕ್ಷ್ಮೇಶ್ವರ, ಮುಂಡರಗಿ ಕಡೆಯಿಂದ ಹತ್ತಿಯ ಚಕ್ಕಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಸಂಜೆ ಹೊರಗೆ ಬಂದರೆ ಇಬ್ಬರ ಹುಬ್ಬು, ಮೀಸೆ ಎಲ್ಲ ಬಿಳಿ. ಯಾವನು ಯಾವನೆಂದು ಅವರ ಹೆಂಡಂದಿರಿಗೂ ಗೊತ್ತಾಗದು ಎಂದು ಜನ ನಗುತ್ತಿದ್ದರು. ಮಷೀನು ಬಂದಾಗ ಮಾಲೀಕರು ಇಬ್ಬರಲ್ಲಿ ಒಬ್ಬನಿಗೆ ಕಾವಲು ಕೆಲಸ ಎಂದರು, ಮರ್ದಾನಸಾಬ ಹೂಂ ಎಂದುಬಿಟ್ಟ. ಇಟ್ಟುಕೊಂಡರೆ ಇಬ್ಬರನ್ನೂ ಇಟ್ಟುಕೊಳ್ಳಿ ಎನ್ನಬಾರದಿತ್ತೇ ಎಂಬುದು ಮುದಕಪ್ಪನ ಸಿಟ್ಟು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

"ಹೂಂ ಕಾಕಾ, ಚಾಲೂ ಮಾಡ್ರಿ. ಬರಕೋತೇನಿ."

ಮುದಕಪ್ಪ ಬಲ ಮೂಲೆಗೆ ಕಾಲಿಟ್ಟು ತುಳಿದ. ಆಮೇಲೆ ಎದುರಿನದು. ಅಲ್ಲ, ಪಕ್ಕದ್ದು. ಮತ್ತೆ ಮೊದಲಿನಿಂದ ಹಿಡಿದ. ಕಾಲಿಗೆ ಕಾಲು ತೊಡರಿತು. ಮೂರನೆಯ ಸಲವೂ ಅದೇ ಹಾಡು. ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟ.

"ವಯಸ್ಸಾತಲ್ರಿ, ಮರತಿರಬೇಕು. ಮ್ಯಾಲೆ ಬರ್ರಿ, ಚಾ ಕುಡಿಯೂಣು. ನಾನ ಏನರ ಅಂದಾಜ ಮಾಡತೇನಿ," ಎಂದ ಮೊಹಸಿನ.

ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮುದಕಪ್ಪನಿಗೆ ಅದೇ ಹೆಚ್ಚು ಚುಚ್ಚಿತು. ಏಣಿಗೆ ಕೈ ಹಾಕಿದ. ಈಗ ಹತ್ತಿದರೆ ಮುಗಿಯಿತು, ಇನ್ನು ಯಾರೂ ತನ್ನನ್ನು ಏನೂ ಕೇಳಲು ಬರುವುದಿಲ್ಲ. ಕೈ ಬಿಟ್ಟ. ಕಡೆಗೆ, ಕಬ್ಬಿಣದ ಗೋಡೆ ಗುಂಯ್ ಎನ್ನುವ ಹಾಗೆ ಕೂಗಿದ: "ಮರ್ದಾನಾ, ಏ ಮರ್ದಾನಾ, ಬಾ ಇಲ್ಲಿ."

ಕೂಗು ಮುಗಿಯುವುದರೊಳಗೆ ಮೇಲಿನ ಬೆಳಕಿನಲ್ಲಿ ಒಂದು ಬಿಳಿ ಗಡ್ಡ ಕಂಡಿತು.

"ಬಂದ ಭಾಳ ಹೊತ್ತಾತು. ನೀ ಕರಿಯೂತನಕ ಮಾರಿ ತೋರಸಬಾರದಂತ ಕಂಬದ ಹಿಂದ ನಿಂತಿದ್ದೆ. ಯಾವ ಮೂಲಿ ತುಳದಿ?"

"ಬಲಕ್ಕಿಂದು. ಆಮ್ಯಾಲ ಎದರಿಂದು."

"ಎದರಿಂದು ನಂದಲೇ, ಮಬ್ಬಾ. ಅದನ್ನ ನೀ ಎಂದ ತುಳದಿದ್ದಿ? ನಾಕೂ ಮೂಲಿ ನೀ ಒಬ್ಬನ ತುಳದಿ ಅಂತ ತಿಳಕೊಂಡೀಯೇನು?"

ಮುದಕಪ್ಪ ಅರಳೆ ಸರಿಸಿ ಏಣಿಯ ಬುಡ ಹಿಡಿದ. ಮರ್ದಾನಸಾಬ ಹಾಳಾದ ಮೊಣಕಾಲನ್ನು ಬಯ್ಯುತ್ತ ಏಣಿ ಇಳಿದು ಎದುರಿಗೆ ನಿಂತ, ಅವನ ಹೆಗಲ ಮೇಲೆ ಎರಡೂ ಕೈ ಇಟ್ಟ. ಮುದಕಪ್ಪನೂ ಇಟ್ಟ. ಅಷ್ಟೇ, ಕಾಲಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಇವನ ಬಲ, ಅವನ ಬಲ. ಇವನ ಎಡ, ಅವನ ಎಡ. ಮೂರು ಮೂರು ಪೆಟ್ಟು. ಕಡೆಗೆ ನಡುವೆ ಇಬ್ಬರೂ ಕೂಡಿ ಒಂದು. ಮೊಹಸಿನ ಗಡಿಬಿಡಿಯಲ್ಲಿ ಬರೆದುಕೊಳ್ಳತೊಡಗಿದ.

"ಆವತ್ತ ನೀ ಒಲ್ಲೆ ಅನಬೇಕಾಗಿತ್ತು," ಎಂದ ಮುದಕಪ್ಪ, ತುಳಿಯುತ್ತಲೇ.

"ಮಗಳು ರೇಷ್ಮಾನ ಲಗ್ನ ಇತ್ತಲ್ಲೋ."

"ಅದನ್ನರ ಹೇಳಬಾರದಿತ್ತೇನು?"

"ನೀ ಕೇಳಿದ್ಯೇನು?"

ಕೇಳಿರಲಿಲ್ಲ. ಹನ್ನೆರಡು ವರ್ಷ ಒಂದು ಮಾತು ಕೇಳಿರಲಿಲ್ಲ. ಮುದಕಪ್ಪನ ಕಣ್ಣು ಮಂಜಾಯಿತು.

"ಸಾಕ್ರಿ ಇಬ್ಬರೂ," ಎಂದು ಮೊಹಸಿನ ವಹಿ ಮುಚ್ಚಿದ. "ಎಲ್ಲಾ ಬರಕೊಂಡೇನಿ. ಮಷೀನಿಗೆ ಇಷ್ಟ ಸಾಕು, ಮ್ಯಾಲೆ ಬರ್ರಿ."

"ಮಷೀನಿಗೆ ಸಾಕಾಗಿರಬೇಕು ತಮ್ಮಾ," ಎಂದ ಮುದಕಪ್ಪ, ಕಾಲು ನಿಲ್ಲಿಸದೆ. "ನಮ್ಮ ಪೆಟಗಿ ಇನ್ನಾ ಅರ್ಧಾ ಸೈತ ತುಂಬಿಲ್ಲ. ಅರಳಿ ಹಾಕು."