ಸಂದಿಲ್ಲದ ಗೋಡೆ

ಹಳೆಯ ಟೈಲ್ಸಿನ ಮೇಲೆ ಮೊದಲ ಹಲಗೆಯನ್ನು ಒತ್ತಿ ಹಿಡಿದಾಗ, ಯಾರಿಗೋ ಮೋಸ ಮಾಡುತ್ತಿದ್ದೇನೆ ಅನ್ನಿಸಿತು ಓಡ್ವಾರನಿಗೆ.

ಬದುಕಿಡೀ ಟೈಲ್ಸ್ ಕೂರಿಸಿದವನು. ಕ್ರಿಸ್ತಿಯಾನ್‌ಸುಂದಿನ ಅರ್ಧ ಊರು ಅವನು ಕಟ್ಟಿದ ಬಚ್ಚಲಲ್ಲೇ ಮೈ ತೊಳೆಯುತ್ತಿತ್ತು. ಲ್ಯಾಮಿನೇಟ್ ಹಲಗೆ ಕಂಡರೆ ‘ಗೋಡೆಗೆ ಮಳೆಯಂಗಿ’ ಎಂದು ಆಡಿಕೊಳ್ಳುತ್ತಿದ್ದವನೂ ಅವನೇ. ಈಗ ಮಂಡಿ ಕೈಕೊಟ್ಟಿತ್ತು. ನೆಲಕ್ಕೆ ಮಂಡಿಯೂರುವ ಕೆಲಸ ಇನ್ನು ಸಾಕು ಎಂದಿದ್ದರು ಡಾಕ್ಟರು. ಹಲಗೆಯಾದರೆ ನಿಂತೇ ಕೂರಿಸಬಹುದು. ಹಳೆಯದನ್ನು ಒಡೆಯಬೇಕಿಲ್ಲ, ಗಾರೆ ಕಲೆಸಬೇಕಿಲ್ಲ. ನಡುವೆ ಒಂದೆಳೆ ಸಿಲಿಕೋನ್ ಅಂಟು ಎಳೆದು, ಒಂದರ ಅಂಚಿಗೆ ಇನ್ನೊಂದನ್ನು ಟಕ್ಕೆಂದು ಕೂರಿಸಿದರೆ ಮುಗಿಯಿತು.

ಕೆಲಸ ನಡೆದಿದ್ದ ಮನೆ ಯೋರಿದಜ್ಜಿಯದು. ಕೆಳಗೆ ತಾನಿದ್ದು ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುವವಳು. ಬರಲಿರುವವರು ಯಾರೋ ಒಂಟಿ ಜೀವವಂತೆ. ಕೇಳಿಕೊಂಡಿದ್ದು ಒಂದೇ: ಬಚ್ಚಲಲ್ಲಿ ಟೈಲ್ಸ್ ಕಾಣಕೂಡದು, ಉಜ್ಜಲು ಒಂದು ಸಂದೂ ಇರಕೂಡದು. ನೆಲಕ್ಕೆ ಹೇಗೂ ವಿನೈಲ್ ಹಾಸಿತ್ತು. ಗೋಡೆಯಷ್ಟೇ ಬಾಕಿ.

ಆ ಸಂಜೆ ಮೀನಿನ ವಡೆ ತಿನ್ನುತ್ತ ಓಡ್ವಾರ್ ಹೆಂಡತಿಗೆ ಇದನ್ನೆಲ್ಲ ವರ್ಣಿಸಿದ. ತೋರುನಳ ಫೋರ್ಕು ತಟ್ಟೆಯ ಮೇಲೆ ನಿಂತಿತು. ಯಾವ ಬೀದಿ ಎಂದು ಕೇಳಿದಳು. ಹೇಳಿದ. ಎದ್ದು ಹೋಗಿ ಲೋಟಕ್ಕೆ ನೀರು ತುಂಬಿಕೊಂಡು, ಕುಡಿಯದೆ ಹಿಡಿದುಕೊಂಡೇ ನಿಂತಳು.

“ಎಂಥಾ ಸೋಮಾರಿಗಳಿರ್ತಾರೆ ನೋಡು,” ಎಂದ ಓಡ್ವಾರ್.

“ಸೋಮಾರಿ ಅಲ್ಲದೆಯೂ ಇರಬಹುದು,” ಎಂದಳು. “ಸುಸ್ತಾಗಿರಬಹುದು.”

ರಾತ್ರಿ ಹಾಸಿಗೆಯಲ್ಲಿ ಮಗ್ಗುಲಾದಾಗ ಆ ಮಾತು ಅವನನ್ನು ಚುಚ್ಚಿತು. ತೋರುನ್ ಮದುವೆಯಾಗಿ ಬಂದಾಗಿನಿಂದ ಪ್ರತಿ ಶನಿವಾರ ಹಳೆಯ ಹಲ್ಲುಜ್ಜುವ ಬ್ರಷ್ಷೂ ವಿನೆಗರೂ ಹಿಡಿದು ಬಚ್ಚಲಿನ ಸಂದುಗಳನ್ನು ಉಜ್ಜುತ್ತಿದ್ದಳು. ಟೈಲ್ಸ್ ಕೆಲಸದವನ ಬಚ್ಚಲೇ ಅವನ ಅಂಗಡಿಯ ಬೋರ್ಡು ಎನ್ನುವುದು ಓಡ್ವಾರನ ನಂಬಿಕೆ. ಗಿರಾಕಿಗಳನ್ನು ಮನೆಗೇ ಕರೆತಂದು ತೋರಿಸುತ್ತಿದ್ದ. ಅವಳು ಸ್ನಾನಕ್ಕಿಳಿದಿದ್ದರೆ ಅವರು ಹೊರಗೆ ಕಾಲುಚೀಲದಲ್ಲಿ ಸಾಲಾಗಿ ನಿಂತು ಕಾಯುತ್ತಿದ್ದರು. ಅವಳು ಟವೆಲ್ ಸುತ್ತಿಕೊಂಡು, ಅವರಿಗೆಲ್ಲ ನಮಸ್ಕಾರ ಹೇಳಿ, ಒದ್ದೆ ಕಾಲಲ್ಲೇ ಹಾದುಹೋಗುತ್ತಿದ್ದಳು. ಶನಿವಾರ ಉಜ್ಜಿ ಮುಗಿಸಿದಾಗ ಬಾಗಿಲಲ್ಲಿ ನಿಂತು “ಆ ಮೂಲೆ ಬಿಟ್ಟೆಯಲ್ಲ” ಅನ್ನುವುದು ಅವನ ರೂಢಿ. ತಮಾಷೆಗೇ ಅನ್ನುತ್ತಿದ್ದ. ಅವಳು ನಗುವುದನ್ನು ಯಾವಾಗ ಬಿಟ್ಟಳೋ, ಅವನಿಗೆ ನೆನಪಾಗಲಿಲ್ಲ.

ಮರುದಿನದಿಂದ ತೋರುನ್ ಆ ಕೆಲಸದ ಬಗ್ಗೆ ವಿಚಾರಿಸತೊಡಗಿದಳು. ಯಾವಾಗ ಮುಗಿಯುತ್ತೆ? ಬಣ್ಣ ಯಾವುದು? ಬಾಗಿಲಿಗೆ ಒಳಗಿನಿಂದ ಚಿಲಕ ಇದೆ ತಾನೆ? ಓಡ್ವಾರ್ ಒಳಗೊಳಗೇ ಉಬ್ಬಿದ. ಅವನ ಕೆಲಸದ ಬಗ್ಗೆ ಅವಳು ಬಾಯಿಬಿಟ್ಟು ಕೇಳಿದ್ದು ಎಷ್ಟು ವರ್ಷಗಳ ಮೇಲೋ. ಸೋಪಿನ ಗೂಡನ್ನು ಎಷ್ಟೆತ್ತರಕ್ಕೆ ಹಾಕಿದೆ ಎಂದು ಕೈಯೆತ್ತಿ ತೋರಿಸಿದಾಗ ಅವಳು ತಲೆಯಾಡಿಸಿದಳು.

“ಕೆಳಗೆ ಹಾಕು ಮಾರಾಯಾ. ಲೋಕದಲ್ಲಿ ಎಲ್ಲರೂ ನಿನ್ನ ಹಾಗೆ ಬಾವುಟದ ಕಂಬ ಅಲ್ಲ.”

ಕೆಳಗೆ ಹಾಕಿದ. ಹಳೆಯ ತೂತು ಕಾಣದಿರಲೆಂದು ಇಡೀ ಹಲಗೆಯನ್ನೇ ಬದಲಿಸಿದ. ಯಾರಿಗೂ ಇಷ್ಟು ನಾಜೂಕಾಗಿ ಮಾಡಿಕೊಟ್ಟವನಲ್ಲ ಅವನು.

ಆ ಶನಿವಾರ ತೋರುನ್ ಬ್ರಷ್ ಮುಟ್ಟಲಿಲ್ಲ. ರಟ್ಟಿನ ಪೆಟ್ಟಿಗೆಗಳಿಗೆ ಬಟ್ಟೆ, ಪುಸ್ತಕ, ಕಾಫಿ ಲೋಟ ತುಂಬುತ್ತಿದ್ದಳು. ಶಾಲೆಯ ಬ್ಯಾಂಡಿನವರು ವರ್ಷಕ್ಕೊಮ್ಮೆ ನಡೆಸುವ ಹಳೇ ಸಾಮಾನಿನ ಸಂತೆಗಿರಬೇಕು ಅಂದುಕೊಂಡ ಓಡ್ವಾರ್. ಮಂಡಿ ನೋವಿದ್ದರೂ ತಾನೇ ಎತ್ತಿ ಅವಳ ಕಾರಿಗಿಟ್ಟ.

“ಭಾರ ಎತ್ತಬೇಡ,” ಎಂದಳು. ದನಿ ಮೆತ್ತಗಿತ್ತು.

ಅವಳು ಕಾರು ತಿರುಗಿಸಿ ಹೋದ ಮೇಲೆ ಅವನು ಬಚ್ಚಲಿಗೆ ಹೋಗಿ ತೊಟ್ಟಿಯ ಅಂಚಿನ ಮೇಲೆ ಕೂತ. ತಾನೇ ಕೂರಿಸಿದ ನೀಲಿ ಟೈಲ್ಸು. ಎಲ್ಲಿ ನೋಡಿದರೂ ಸಂದು. ಹೆಂಡತಿಯ ಎಷ್ಟು ಶನಿವಾರಗಳು ಈ ಗೆರೆಗಳೊಳಗೆ ಇಳಿದುಹೋಗಿವೆ ಎಂದು ಮೊದಲ ಬಾರಿ ಯೋಚಿಸಿ ಅವನಿಗೇ ನಾಚಿಕೆಯಾಯಿತು. ಅಲ್ಲೇ ಕೂತು ಅಂಗಡಿಗೆ ಫೋನ್ ಮಾಡಿ ಈ ಬಚ್ಚಲಿಗೂ ಹಲಗೆ ತರಿಸಲು ಹೇಳಿದ. ಅದೇ ಬಿಳಿ ಬಣ್ಣ, ಅವಳು ವಿಚಾರಿಸಿದ್ದು. ಗಿರಾಕಿ ನಕ್ಕರೆ ನಗಲಿ. ಈಸ್ಟರಿಗೆ ಮುಂಚೆ ಮುಗಿಸಿಬಿಡಬೇಕು. ಇನ್ನೂ ಹೊತ್ತು ಮೀರಿಲ್ಲ ಅನ್ನಿಸಿತು. ಯೋರಿದಜ್ಜಿಯ ಕೆಲಸ ಮುಗಿದ ದಿನವೇ ಅವಳಿಗೆ ಹೇಳುವುದೆಂದು ಗೊತ್ತು ಮಾಡಿಕೊಂಡ.

ಆ ದಿನ ಬಂತು. ಕೊನೆಯ ಮೂಲೆಗೆ ಸಿಲಿಕೋನ್ ಎಳೆದು, ಬೆರಳಿಗೆ ಸೋಪಿನ ನೀರು ಹಚ್ಚಿ ಸವರಿದ. ಗೋಡೆ ಕಡೆದಿಟ್ಟ ಬೆಣ್ಣೆಯ ಹಾಗೆ ನಿಂತಿತ್ತು. ಕಣ್ಣಿಗೆ ತಡೆಯೇ ಇಲ್ಲ.

ಯೋರಿದಜ್ಜಿ ಮೆಟ್ಟಿಲ ಬುಡದಿಂದಲೇ ಕೂಗಿ ಹೇಳಿದಳು: ಬಾಡಿಗೆಯವರು ಬರ್ತಿದ್ದಾರೆ, ಬೀಗದ ಕೈ ನೀನೇ ಕೊಟ್ಟುಬಿಡಪ್ಪ, ನನಗೆ ಈ ಮೆಟ್ಟಿಲು ಹತ್ತೋಕಾಗಲ್ಲ. ಕೆಲಸದ ಬೂಟು ಕಳಚಿ, ಕೈ ತೊಳೆದು, ಕೀಲಿ ಹಿಡಿದು ಓಡ್ವಾರ್ ಬಾಗಿಲ ಬಳಿ ನಿಂತ. ಇಲ್ಲಿ ಉಜ್ಜುವುದು ಏನೂ ಇಲ್ಲ, ಬಟ್ಟೆಯಲ್ಲಿ ಒಮ್ಮೆ ಒರೆಸಿದರಾಯಿತು ಎಂದು ಹೇಳಬೇಕೆಂದುಕೊಂಡ. ರಾತ್ರಿ ಇದೇ ಮಾತನ್ನು ಮನೆಯಲ್ಲೂ ಹೇಳಬೇಕು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ನಿಧಾನವಾಗಿ ಹತ್ತಿ ಬಂತು. ನಡುವೆ ಒಮ್ಮೆ ನಿಂತಿತು. ಮತ್ತೆ ಹತ್ತಿತು. ಅವನು ಬಾಗಿಲು ತೆರೆದ.

“ಚೆನ್ನಾಗಿ ಮಾಡಿದೀಯಂತೆ,” ಎಂದು ತೋರುನ್ ಬೀಗದ ಕೈಗಾಗಿ ಅಂಗೈ ಚಾಚಿದಳು.