ಬಲಗಿವಿ

ಹೆಂಡತಿಯ ಕಿವಿ ವಾಸಿಯಾಗದಿರಲಿ ಎಂದು ಮಾಯಣ್ಣ ದೇವರಿಗೆ ಕೈಮುಗಿದ. ಮುಗಿದ ಮೇಲೆ ನಾಚಿಕೆಯಾಯಿತು. ಕೊಯಮತ್ತೂರಿನ ಕಿವಿ ಡಾಕ್ಟರ ಕೋಣೆಯ ಹೊರಗೆ, ಮದ್ರಾಸಿನಿಂದ ತಂದ ದೊಡ್ಡ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಅವನ ಎಡಕ್ಕೆ ಹೆಂಡತಿ ಜಾನಮ್ಮ.

ಹೆಂಡತಿ ಗಂಡನ ಎಡಕ್ಕೇ ಕೂರಬೇಕು ಎಂಬುದು ಅವನ ಅವ್ವನ ಕಟ್ಟಳೆ. ಹೆಂಡತಿಯ ಜೊತೆ ಹರಟುವವನು ಗಂಡಸೇ ಅಲ್ಲ ಎಂಬುದು ಇನ್ನೊಂದು. ಅವನು ದುಡಿಯುವ ಕುರಿಚಿಯ ಎರಕದ ಕಾರ್ಖಾನೆಯಲ್ಲಿ ಸದ್ದಿಗೆ ಮಾತಿಲ್ಲ, ಮನೆಯಲ್ಲಿ ಅವ್ವನಿಗೆ ಹೆದರಿ ಮಾತಿಲ್ಲ. ಹುಟ್ಟಿದ ಹೆಣ್ಣುಕೂಸು ಕಣ್ಣುಬಿಡದೆ ಹೋದ ಮೇಲಂತೂ ಅವನ ಬಾಯಿಗೆ ಬೀಗವೇ ಬಿತ್ತು.

ಆ ವರ್ಷವೇ ಜಾನಮ್ಮ ಒಂದು ಸಂಜೆ ಬಲಗಿವಿ ಮುಟ್ಟಿ ತೋರಿಸಿ, ಇದು ಹೋಯಿತು, ಒಂದೂ ಕೇಳಿಸುವುದಿಲ್ಲ ಎಂದಳು.

ಕೇಳದ ಕಿವಿ ಪಾಳುಬಾವಿ ಇದ್ದಂತೆ, ಹಾಕಿದ್ದು ಮೇಲೆ ಬರುವುದಿಲ್ಲ. ಜಗಲಿಯಲ್ಲಿ ಅವಳ ಬಲಪಕ್ಕ ಕೂತು, ಅವನು ಆ ಕಿವಿಗೆ ಮೆಲ್ಲಗೆ ಮಾತಾಡತೊಡಗಿದ. ಕಾದ ಕಬ್ಬಿಣ ಕಂಡರೆ ತನಗೆ ಇವತ್ತಿಗೂ ಭಯ ಎಂದ. ನೀನಿಲ್ಲದಿದ್ದರೆ ನಾನು ಇರುವುದಿಲ್ಲ ಎಂದ. ಜಾನಮ್ಮ ಬೀದಿ ನೋಡುತ್ತ ಅವರೆಕಾಯಿ ಸುಲಿಯುತ್ತಿದ್ದಳು. ಕೂಸಿಗೆಂದು ಮನಸ್ಸಿನಲ್ಲಿಟ್ಟಿದ್ದ ತುಳಸಿ ಎಂಬ ಹೆಸರನ್ನೂ ಆ ಕಿವಿಗೇ ಹೇಳಿ ಅತ್ತ.

ಮುಂದೆ ಹಸು ಈದಾಗ ಅವಳು ಕರುವನ್ನು ತುಳಸಿ ಎಂದು ಕರೆದಳು. ಅವನ ಎದೆ ಧಸಕ್ಕೆಂದಿತು. ಊರಿಗೆ ಹತ್ತು ತುಳಸಿ ಇರುತ್ತವೆ ಎಂದುಕೊಂಡು ಸುಮ್ಮನಾದ. ಅವ್ವ ಮಾತ್ರ, ಸೊಸೆ ಕರೆದರೆ ಒಮ್ಮೆ ಓಗೊಡುತ್ತಾಳೆ, ಒಮ್ಮೆ ತಿರುಗಿಯೂ ನೋಡುವುದಿಲ್ಲ, ಇದು ಜಾಣ ಕಿವುಡು ಎಂದು ಗೊಣಗುತ್ತಿದ್ದಳು.

ಈ ವರ್ಷ ಜಾನಮ್ಮನಿಗೆ ತಲೆಸುತ್ತು ಶುರುವಾಯಿತು. ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು ಪರೀಕ್ಷಿಸಿ, ಮದ್ರಾಸಿಗೆ ಹೋಗಿ ಎಂ.ಆರ್.ಐ. ತೆಗೆಸಿ ಬನ್ನಿ ಎಂದರು. ಎಂಬತ್ತೊಂಬತ್ತರಲ್ಲಿ ಆ ಯಂತ್ರ ಅಲ್ಲಿಗೂ ಹೊಸದು. ಒಳಗಿವಿಯ ಚಿತ್ರವನ್ನು ಅಯಸ್ಕಾಂತವೇ ತೆಗೆಯುತ್ತದಂತೆ. ಅವಳು ತಾಳಿ ಬಿಚ್ಚಿ ಅವನ ಕೈಗಿಟ್ಟು, ಅರಿಶಿನದ ದಾರ ಕಟ್ಟಿಕೊಂಡು ಒಳಗೆ ಹೋದಳು. ಹೊರಗೆ ನಿಂತವನಿಗೆ ಒಂದೇ ದಿಗಿಲು. ಕಿವಿ ಸರಿಹೋದರೆ ತನ್ನ ಮಾತಿಗೆ ಇನ್ನು ಯಾರು ಗತಿ? ಅವನಷ್ಟು ಒಂಟಿ ಮನುಷ್ಯ ಕುರಿಚಿಯಲ್ಲಿ ಇನ್ನೊಬ್ಬನಿರಲಿಲ್ಲ.

ಈಗ ಕೊಯಮತ್ತೂರಿನ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು, ಚಿತ್ರಗಳನ್ನು ಬೆಳಕಿಗೆ ಹಿಡಿದರು. ಕಿವಿಯ ನರದ ಮೇಲೆ ಚಿಕ್ಕ ಗೆಡ್ಡೆಯಿದೆ, ತೆಗೆದರೆ ಜೀವಕ್ಕೆ ಭಯವಿಲ್ಲ, ಆದರೆ ಹೋದ ಕಿವಿ ಮರಳುವುದಿಲ್ಲ ಎಂದು ತಮಿಳಿನಲ್ಲಿ ವಿವರಿಸಿದರು. ಹೆಂಡತಿಯೂ ಉಳಿದಳು, ಕೇಳದ ಕಿವಿಯೂ ಉಳಿಯಿತು. ಮಾಯಣ್ಣನ ಜೀವ ತಣ್ಣಗಾಯಿತು.

"ಬಲಗಿವಿ ತಾನೆ?" ಎಂದ, ಮಾತಿಗೆ.

ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. "ಬಲಗಡೆ ಒಂದು ಚುಕ್ಕೆ ದೋಷವಿಲ್ಲಪ್ಪ. ಸತ್ತಿರುವುದು ಎಡಗಿವಿ. ಆ ಅಮ್ಮ ಇಷ್ಟು ವರ್ಷ ಕೇಳಿದ್ದೆಲ್ಲ ಬಲಗಿವಿಯಲ್ಲೇ."

ಹೊರಗೆ ಬಂದು ತನ್ನ ಜಾಗದಲ್ಲೇ ಕೂತ. ಜಾನಮ್ಮ ಬಾಗಿಲ ಕಡೆಗೇ ನೋಡುತ್ತ, ಬಲಗಿವಿಯನ್ನು ಅವನತ್ತ ತುಸು ವಾಲಿಸಿದಳು.

"ಯಾಕುಂಗ ಸುಮ್ನೆ ಕುಂತಿರಿ? ಹೇಳಿ, ಇದು ಕೇಳದ ಕಿವಿ ತಾನೆ."